ಕೋರ್ಟಿನ ಮೆಟ್ಟಿಲಿಗೂ ಮೊದಲು

ವಕೀಲರೇ ಸಿಗದ ದೇಶದಲ್ಲಿ ಬಡವರಿಗೆ ನ್ಯಾಯ ಸಿಗುವುದು ಹೇಗೆ? ಸಿಯೆರಾ ಲಿಯೋನ್‌ನ ಹಳ್ಳಿಗಳಿಂದ ಉತ್ತರ ಕನ್ನಡದ ಕರಾವಳಿಯವರೆಗೆ ಹಬ್ಬಿರುವ ಒಂದು ಹುಡುಕಾಟದ ಕಥೆ

ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಸಿಯೆರಾ ಲಿಯೋನ್ 2003ರಲ್ಲಿ ಹನ್ನೊಂದು ವರ್ಷಗಳ ಅಂತರ್ಯುದ್ಧ ಮುಗಿಸಿ ಆಗಷ್ಟೇ ಸುಧಾರಿಸಿಕೊಳ್ಳುತ್ತಿತ್ತು. ಐವತ್ತು ಲಕ್ಷದಷ್ಟು ಜನರಿದ್ದ ಆ ದೇಶದಲ್ಲಿ ಇದ್ದ ವಕೀಲರು ಸುಮಾರು ನೂರು ಮಂದಿ. ಅವರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ರಾಜಧಾನಿ ಫ್ರೀಟೌನ್‌ನಲ್ಲೇ ಇದ್ದರು. ಉಳಿದ ಇಡೀ ದೇಶಕ್ಕೆ ಬೆರಳೆಣಿಕೆಯ ವಕೀಲರು. ಗಂಡ ತೀರಿಕೊಂಡ ಮೇಲೆ ಮೈದುನಂದಿರು ಮನೆಯಿಂದ ಹೊರಹಾಕಿದ ಹೆಂಗಸು, ಕಾರಣ ಹೇಳದೆ ಪೊಲೀಸರು ಠಾಣೆಯಲ್ಲಿ ಕೂಡಿಹಾಕಿದ ಹುಡುಗ, ಊರ ಮುಖ್ಯಸ್ಥ ಹಾಕಿದ ದಂಡ ಕಟ್ಟಲಾಗದೆ ಕಂಗಾಲಾದ ರೈತ, ಇವರೆಲ್ಲ ಯಾರ ಬಳಿ ಹೋಗಬೇಕಿತ್ತು?

ಈ ಪ್ರಶ್ನೆಯನ್ನು ಹಿಡಿದು ಅಲ್ಲಿ ಕೆಲಸಕ್ಕಿಳಿದವರು ವಿವೇಕ್ ಮಾರು ಎಂಬ ಯುವ ಮಾನವ ಹಕ್ಕು ವಕೀಲ. ಗುಜರಾತಿನ ಕಚ್ ಅವರ ಪೂರ್ವಿಕರ ನೆಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುವುದಕ್ಕೆ ಮೊದಲು ಅವರು ಕಚ್‌ನ ಹಳ್ಳಿಯೊಂದರಲ್ಲಿ ವಾಸವಿದ್ದು, ಜಲಾನಯನ ಅಭಿವೃದ್ಧಿ ಮತ್ತು ಹೆಣ್ಣುಮಕ್ಕಳ ಶಿಕ್ಷಣದ ಕೆಲಸ ಮಾಡಿದ್ದರು. ಸಿಯೆರಾ ಲಿಯೋನ್‌ನವರೇ ಆದ ವಕೀಲ ಸಿಮಿಯೋನ್ ಕೊರೊಮಾ ಅವರ ಜೊತೆಗೂಡಿ ಮಾರು ಕಟ್ಟಿದ ಸಂಸ್ಥೆ ‘ಟಿಮಾಪ್ ಫಾರ್ ಜಸ್ಟೀಸ್’. ಅಲ್ಲಿ ಕಲಿತದ್ದನ್ನು ಅವರು 2006ರಲ್ಲಿ ಯೇಲ್‌ನ ಅಂತರರಾಷ್ಟ್ರೀಯ ಕಾನೂನು ಪತ್ರಿಕೆಯಲ್ಲಿ ದೀರ್ಘ ಪ್ರಬಂಧವಾಗಿ ಬರೆದರು. 2011ರಲ್ಲಿ ‘ನಮತಿ’ ಎಂಬ ಸಂಸ್ಥೆ ಆರಂಭಿಸಿದರು. ಭಾರತ, ಕೆನ್ಯಾ, ಬಾಂಗ್ಲಾದೇಶ, ಮ್ಯಾನ್ಮಾರ್, ಮೊಜಾಂಬಿಕ್‌ಗಳಲ್ಲಿ ಅದರ ಕೆಲಸ ಹರಡಿತು. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ ವರುಣ್ ಗೌರಿ ಅವರೊಂದಿಗೆ ಮಾರು ಸಂಪಾದಿಸಿದ, 2018ರಲ್ಲಿ ಪ್ರಕಟವಾದ ಪುಸ್ತಕ ದಕ್ಷಿಣ ಆಫ್ರಿಕಾ, ಫಿಲಿಪ್ಪೀನ್ಸ್, ಇಂಡೊನೇಷ್ಯಾ, ಕೆನ್ಯಾ, ಸಿಯೆರಾ ಲಿಯೋನ್ ಮತ್ತು ಲೈಬೀರಿಯಾ ಎಂಬ ಆರು ದೇಶಗಳ ಅನುಭವವನ್ನು ಒಟ್ಟಿಗಿಟ್ಟು ನೋಡುತ್ತದೆ.

ಈ ಹುಡುಕಾಟ ಮುಟ್ಟಿದ ತೀರ್ಮಾನವನ್ನು ಹೇಳುವುದು ಸುಲಭ, ಜಾರಿಗೆ ತರುವುದು ಕಷ್ಟ. ಒಳ್ಳೆಯ ಕಾನೂನು ಇದ್ದ ಮಾತ್ರಕ್ಕೆ ಬಡವರಿಗೆ ನ್ಯಾಯ ಸಿಗುವುದಿಲ್ಲ. ಕಾನೂನು ಗೊತ್ತಿರುವ, ಕಚೇರಿಗಳ ದಾರಿ ಗೊತ್ತಿರುವ, ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿರುವ ಒಬ್ಬ ಮನುಷ್ಯ ಅವರ ಜೊತೆಗಿರಬೇಕು. ಅಂಥವರನ್ನು ಪ್ಯಾರಾಲೀಗಲ್ ಎಂದು ಕರೆಯುತ್ತಾರೆ. ಅವರು ವಕೀಲರಲ್ಲ. ಆದರೆ ಕಾನೂನಿನ ಅಡಿಪಾಯದಲ್ಲಿ ತರಬೇತಿ ಪಡೆದವರು, ಅದೇ ಊರಿನವರು.

ಎರಡು ಕಾನೂನುಗಳ ನಡುವೆ

ವಕೀಲರ ಕೊರತೆಯೊಂದೇ ತೊಂದರೆಯಾಗಿದ್ದರೆ ಲಾ ಕಾಲೇಜುಗಳನ್ನು ತೆರೆದು ನೀಗಿಸಬಹುದಿತ್ತು. ಸಿಯೆರಾ ಲಿಯೋನ್‌ನ ತೊಡಕು ಇನ್ನೂ ಆಳದಲ್ಲಿತ್ತು. ಬ್ರಿಟಿಷರು ಫ್ರೀಟೌನ್ ಮತ್ತು ಅದರ ಸುತ್ತಲಿನ ಪ್ರದೇಶವನ್ನು ವಸಾಹತು ಎಂದು ಕರೆದು ಇಂಗ್ಲಿಷ್ ಕಾನೂನು ತಂದರು. ಒಳನಾಡನ್ನು ಸಂರಕ್ಷಿತ ಪ್ರದೇಶ ಎಂದು ಹೆಸರಿಸಿ ಬುಡಕಟ್ಟು ಮುಖ್ಯಸ್ಥರ ಮೂಲಕ ಆಳಿದರು. 1961ರಲ್ಲಿ ಸ್ವಾತಂತ್ರ್ಯ ಬಂದರೂ ಈ ಒಡಕು ಮುಚ್ಚಲಿಲ್ಲ. ಅಂತರ್ಯುದ್ಧ ಮುಗಿದಾಗ ದೇಶದಲ್ಲಿದ್ದ 149 ಮುಖ್ಯಸ್ಥರ ಸೀಮೆಗಳಲ್ಲಿ ಜಮೀನು, ಮದುವೆ, ವಾರಸುದಾರಿಕೆಯ ವ್ಯಾಜ್ಯಗಳೆಲ್ಲ ಸಂಪ್ರದಾಯದ ಕಾನೂನಿನಂತೆ ಸ್ಥಳೀಯ ನ್ಯಾಯಾಲಯಗಳಲ್ಲೇ ತೀರ್ಮಾನವಾಗುತ್ತಿದ್ದವು. ಆ ನ್ಯಾಯಾಲಯಗಳಲ್ಲಿ ವಕೀಲರು ವಾದಿಸುವಂತಿಲ್ಲ ಎಂದು 1963ರ ಕಾಯ್ದೆಯೇ ಹೇಳಿತ್ತು. ವಕೀಲರ ಸಂಖ್ಯೆ ಹತ್ತು ಪಟ್ಟಾದರೂ ಹಳ್ಳಿಯ ಹೆಂಗಸಿಗೆ ಅವರಿಂದ ನೇರ ಪ್ರಯೋಜನ ಆಗುತ್ತಿರಲಿಲ್ಲ.

1991ರ ಸಂವಿಧಾನ ತಾರತಮ್ಯವನ್ನು ನಿಷೇಧಿಸಿತು. ಅದೇ ಉಸಿರಿನಲ್ಲಿ ಮದುವೆ, ವಿಚ್ಛೇದನ, ದತ್ತು, ಉತ್ತರಾಧಿಕಾರಗಳಿಗೆ ಆ ನಿಷೇಧದಿಂದ ವಿನಾಯಿತಿಯನ್ನೂ ಕೊಟ್ಟಿತು. ಹೆಣ್ಣಿನ ಬದುಕು ನಿಲ್ಲುವ, ಕುಸಿಯುವ ಜಾಗಗಳೆಲ್ಲ ಆ ವಿನಾಯಿತಿಯೊಳಗೇ ಇದ್ದವು. ಗಂಡನ ಆಸ್ತಿಯಲ್ಲಿ ಹೆಂಡತಿಗೆ ಹಕ್ಕು ಕೊಡುವ, ಕೌಟುಂಬಿಕ ಹಿಂಸೆಯನ್ನು ಅಪರಾಧವೆನ್ನುವ ಕಾಯ್ದೆಗಳು ಬರಲು 2007ರವರೆಗೆ ಕಾಯಬೇಕಾಯಿತು. ಬಂದ ಮೇಲಾದರೂ ಫ್ರೀಟೌನ್‌ನಲ್ಲಿ ಅಚ್ಚಾದ ಕಾಯ್ದೆ ಒಳನಾಡಿನ ಹಳ್ಳಿಗೆ ತಾನಾಗಿ ನಡೆದು ಹೋಗುವುದಿಲ್ಲವಲ್ಲ.

ಹಾಗೆಂದು ಸಂಪ್ರದಾಯದ ನ್ಯಾಯವನ್ನು ಮಾರು ಅವರ ಅಧ್ಯಯನ ಸಾರಾಸಗಟಾಗಿ ತಳ್ಳಿಹಾಕಲಿಲ್ಲ. ಆ ಕಟ್ಟೆ ಹತ್ತಿರದಲ್ಲಿದೆ, ಅಲ್ಲಿ ಜನರ ಭಾಷೆ ನಡೆಯುತ್ತದೆ, ಮುರಿದ ಸಂಬಂಧವನ್ನು ಕೂಡಿಸುವ ಮನಸ್ಸಿದೆ. ಅದೇ ಕಟ್ಟೆಯಲ್ಲಿ ಮುಖ್ಯಸ್ಥನ ಮರ್ಜಿಯೂ ನಡೆಯುತ್ತದೆ, ಹೆಣ್ಣಿನ ಮಾತು ತೂಕ ಕಳೆದುಕೊಳ್ಳುತ್ತದೆ. ಈ ಎರಡೂ ಲೋಕಗಳಲ್ಲಿ ಓಡಾಡಬಲ್ಲವರು, ಮುಖ್ಯಸ್ಥನ ಮುಂದೆ ಗೌರವದಿಂದ ಕೂತು ಸಂಪ್ರದಾಯದ ಮಾತಿನಲ್ಲೇ ವಾದ ಮಾಡಿ, ಅಗತ್ಯ ಬಿದ್ದಾಗ ದೇಶದ ಕಾನೂನನ್ನು ಎತ್ತಿ ತೋರಿಸಬಲ್ಲವರು ಬೇಕಿತ್ತು.

ಟಿಮಾಪ್‌ನ ಪ್ಯಾರಾಲೀಗಲ್‌ಗಳು ಮಾಡಿದ್ದು ಇದನ್ನೇ. ಬಂದವರ ದೂರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಎದುರು ಪಕ್ಷದವರನ್ನು ಕರೆಸಿ ಮಾತಾಡಿಸುತ್ತಾರೆ. ಮಗುವಿನ ಖರ್ಚಿಗೆ ಹಣ ಕೊಡದ ತಂದೆಯನ್ನು, ಕೂಲಿ ಬಾಕಿ ಉಳಿಸಿಕೊಂಡ ಯಜಮಾನನನ್ನು ಒಪ್ಪಂದಕ್ಕೆ ತರುತ್ತಾರೆ. ಪೊಲೀಸ್ ಠಾಣೆಗೆ ಹೋಗಿ ಬಂಧಿತನನ್ನು ಕರೆತಂದ ದಿನ ಯಾವುದೆಂದು ಕೇಳುತ್ತಾರೆ. ಸಾಮಾನ್ಯ ಅಪರಾಧವಾದರೆ 72 ಗಂಟೆಯೊಳಗೆ, ಗಂಭೀರ ಅಪರಾಧವಾದರೆ ಹತ್ತು ದಿನದೊಳಗೆ ನ್ಯಾಯಾಲಯದ ಮುಂದೆ ನಿಲ್ಲಿಸಬೇಕೆಂದು ಅಲ್ಲಿನ ಸಂವಿಧಾನ ಹೇಳುತ್ತದೆ. ಆ ಸಾಲು ಗೊತ್ತಿರುವ ಒಬ್ಬರು ಠಾಣೆಯೊಳಗೆ ಕಾಲಿಟ್ಟರೆ ಸಾಕು, ಎಷ್ಟೋ ಸಲ ಬೀಗ ತೆರೆದುಕೊಳ್ಳುತ್ತದೆ.

ಎಲ್ಲ ಬೀಗಗಳೂ ಹೀಗೆ ತೆರೆಯುವುದಿಲ್ಲ. ಅದಕ್ಕೇ ಪ್ಯಾರಾಲೀಗಲ್‌ಗಳ ಬೆನ್ನಿಗೆ ವಕೀಲರು ಇರಬೇಕು ಎಂಬುದು ಮಾರು ಮತ್ತು ಕೊರೊಮಾ ಹಾಕಿಕೊಂಡ ನಿಯಮ. ನಮ್ಮ ಆಶಾ ಕಾರ್ಯಕರ್ತೆಯನ್ನು ನೆನೆದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆಕೆ ಡಾಕ್ಟರಲ್ಲ, ಆದರೆ ಬಸುರಿಯ ಮನೆಗೆ ಮೊದಲು ಹೋಗುವವಳು ಅವಳೇ. ಆಪರೇಷನ್ ಬೇಕಾದರೆ ತಾಲ್ಲೂಕು ಆಸ್ಪತ್ರೆಗೆ ಕಳಿಸುವವಳೂ ಅವಳೇ. ಹಿಂದೆ ಆಸ್ಪತ್ರೆ ಇಲ್ಲದಿದ್ದರೆ ಅವಳ ಕೆಲಸಕ್ಕೆ ಬಲವಿಲ್ಲ, ಮುಂದೆ ಅವಳಿಲ್ಲದಿದ್ದರೆ ಆಸ್ಪತ್ರೆಗೆ ಜನವೇ ಬರುವುದಿಲ್ಲ. ಟಿಮಾಪ್ ಕೋರ್ಟಿಗೆ ಒಯ್ದ ಪ್ರಕರಣಗಳು ಕೆಲವೇ. ಆದರೆ ಬೇಕಾದರೆ ಹೋಗುತ್ತಾರೆ ಎಂಬುದು ಠಾಣೆಯವರಿಗೂ ಮುಖ್ಯಸ್ಥನಿಗೂ ಗೊತ್ತಿದ್ದುದರಿಂದಲೇ ಮಾತುಕತೆಗೆ ಬೆಲೆ ಬಂತು.

ಈ ಕೆಲಸದ ಫಲ ಕಾಯ್ದೆಯ ರೂಪದಲ್ಲೂ ಸಿಕ್ಕಿತು. 2012ರಲ್ಲಿ ಸಿಯೆರಾ ಲಿಯೋನ್ ಸಂಸತ್ತು ಕಾನೂನು ನೆರವು ಕಾಯ್ದೆಯನ್ನು ಒಪ್ಪಿತು. ಪ್ಯಾರಾಲೀಗಲ್‌ಗಳಿಗೆ ಅಧಿಕೃತ ಸ್ಥಾನ ಕೊಟ್ಟು, ಪ್ರತಿ ಮುಖ್ಯಸ್ಥನ ಸೀಮೆಯಲ್ಲೂ ಒಬ್ಬರಾದರೂ ಇರಬೇಕು ಎಂದಿತು. 2022ರಲ್ಲಿ ಬಂದ ಭೂ ಕಾಯ್ದೆಗಳು ಇನ್ನೂ ದೊಡ್ಡ ಹೆಜ್ಜೆ. ಕಂಪನಿಗಳು ಜಮೀನು ಗೇಣಿಗೆ ಪಡೆಯುವ ಮೊದಲು ಅಲ್ಲಿ ಬದುಕುವವರ ಒಪ್ಪಿಗೆ ಪಡೆಯಬೇಕು, ಹೆಂಗಸರಿಗೂ ಗಂಡಸರಷ್ಟೇ ಹಕ್ಕಿರಬೇಕು ಎಂದು ಅವು ಹೇಳಿದವು. ಒಳನಾಡಿನ ಭೂಮಿಯನ್ನೆಲ್ಲ ಜನರ ಪರವಾಗಿ ಬುಡಕಟ್ಟು ಅಧಿಕಾರಿಗಳ ಸುಪರ್ದಿಗೆ ಒಪ್ಪಿಸಿದ್ದ ವಸಾಹತು ಕಾಲದ ಕಾಯ್ದೆಯ ನೆರಳಲ್ಲಿ ಬದುಕಿದವರಿಗೆ ಇದು ಸಣ್ಣ ಮಾತಲ್ಲ.

ಜೈಲಿನೊಳಗೊಂದು ಕೋರ್ಟು

ಆಗ್ನೇಯ ಆಫ್ರಿಕಾದ ಮಲಾವಿಯಲ್ಲಿ ಇದೇ ಯೋಚನೆ ಜೈಲಿನೊಳಗೆ ಬೆಳೆಯಿತು. 2000ದಲ್ಲಿ ಅಲ್ಲಿ ಆರಂಭವಾದ ಪ್ಯಾರಾಲೀಗಲ್ ಸಲಹಾ ಸೇವೆ ಸರ್ಕಾರೇತರ ಸಂಸ್ಥೆಗಳ ಕಾರ್ಯಕರ್ತರನ್ನು ತರಬೇತಿ ಕೊಟ್ಟು ಜೈಲುಗಳಿಗೆ ಕಳಿಸಿತು. ಅದಕ್ಕೆ ಮೊದಲು ಮಾನವ ಹಕ್ಕು ಕಾರ್ಯಕರ್ತರೆಂದರೆ ಜೈಲಧಿಕಾರಿಗಳಿಗೆ ಗುಮಾನಿ. ಇವರು ವರದಿ ಬರೆದು ಬೈಯುವುದಕ್ಕೆ ಬಂದವರಲ್ಲ, ತುಂಬಿ ತುಳುಕುವ ಜೈಲಿನ ಹೊರೆ ಇಳಿಸಲು ಬಂದವರು ಎಂದು ಮನದಟ್ಟಾದ ಮೇಲೆ ಬಾಗಿಲು ತೆರೆಯಿತು.

ಅವರು ಮಾಡಿದ ಒಂದು ಕೆಲಸವನ್ನು ಹತ್ತಿರದಿಂದ ನೋಡಬೇಕು. ಜೈಲಿನ ಅಂಗಳದಲ್ಲಿ ಕೈದಿಗಳನ್ನು ಕೂರಿಸಿಕೊಂಡು ನಾಟಕ ಆಡಿಸುತ್ತಾರೆ. ಒಬ್ಬ ಮ್ಯಾಜಿಸ್ಟ್ರೇಟ್ ಆಗುತ್ತಾನೆ, ಇನ್ನೊಬ್ಬ ಸರ್ಕಾರಿ ಅಭಿಯೋಜಕ, ಮತ್ತೊಬ್ಬ ಆರೋಪಿ. ಆರೋಪಿಯಾದವನು ಜಾಮೀನು ಕೇಳಬೇಕು. ವಿಳಾಸ ಎಲ್ಲಿ, ಜಾಮೀನು ನಿಲ್ಲುವವರು ಯಾರು, ಓಡಿಹೋಗುವುದಿಲ್ಲ ಎಂಬುದಕ್ಕೆ ಏನು ಭರವಸೆ ಎಂದು ಮ್ಯಾಜಿಸ್ಟ್ರೇಟ್ ಆದವನು ಕೇಳುತ್ತಾನೆ. ಉತ್ತರ ತಡವರಿಸಿದರೆ ಸುತ್ತ ಕೂತವರೇ ತಿದ್ದುತ್ತಾರೆ. ನಾಳೆ ನಿಜವಾದ ನ್ಯಾಯಾಲಯದಲ್ಲಿ ಇವರ ಪರವಾಗಿ ನಿಲ್ಲಲು ವಕೀಲರಿಲ್ಲ. ಆದ್ದರಿಂದ ತಮ್ಮ ಮಾತನ್ನು ತಾವೇ ಆಡಲು ಅವರು ಕಲಿಯುತ್ತಾರೆ. ಇದರ ಜೊತೆಗೆ ಪ್ಯಾರಾಲೀಗಲ್‌ಗಳು ಪ್ರತಿ ಕೈದಿಯ ವಿವರವನ್ನು ನಮೂನೆಯಲ್ಲಿ ತುಂಬುತ್ತಾರೆ, ಊರಿನಲ್ಲಿರುವ ನೆಂಟರನ್ನು ಹುಡುಕುತ್ತಾರೆ, ಕಳೆದುಹೋದ ಕಡತವನ್ನು ಪತ್ತೆ ಮಾಡುತ್ತಾರೆ, ಮ್ಯಾಜಿಸ್ಟ್ರೇಟರನ್ನೇ ಜೈಲಿಗೆ ಕರೆತಂದು ಅಲ್ಲೇ ಕಲಾಪ ನಡೆಸುವಂತೆ ಏರ್ಪಾಟು ಮಾಡುತ್ತಾರೆ. 2004ರಲ್ಲಿ ಮಲಾವಿಯ ರಾಜಧಾನಿ ಲಿಲಾಂಗ್ವೆಯಲ್ಲಿ ಹೊರಟ ಕಾನೂನು ನೆರವಿನ ಘೋಷಣೆ ಈ ಪಾಠವನ್ನು ಇಡೀ ಆಫ್ರಿಕಾದ ಮುಂದಿಟ್ಟಿತು. 2012ರಲ್ಲಿ ವಿಶ್ವಸಂಸ್ಥೆ ಕಾನೂನು ನೆರವಿನ ತತ್ವಗಳನ್ನು ರೂಪಿಸಿದಾಗ ಪ್ಯಾರಾಲೀಗಲ್‌ಗಳ ಪಾತ್ರವನ್ನು ಅದರಲ್ಲಿ ಬರೆದಿತು.

ಇದೆಲ್ಲ ಕಾರ್ಯಕರ್ತರ ಹುಮ್ಮಸ್ಸಿನ ಮಾತೇ, ನಿಜವಾಗಿ ಫಲ ಕೊಡುತ್ತದೆಯೇ ಎಂದು ಕೇಳುವವರಿಗೆ ಸಿಯೆರಾ ಲಿಯೋನ್‌ನ ಪಕ್ಕದ ಲೈಬೀರಿಯಾದಲ್ಲಿ ಉತ್ತರ ಸಿಕ್ಕಿತು. ಅರ್ಥಶಾಸ್ತ್ರಜ್ಞರಾದ ಜಸ್ಟಿನ್ ಸ್ಯಾಂಡೆಫರ್ ಮತ್ತು ಬಿಲಾಲ್ ಸಿದ್ದಿಕಿ ಅಲ್ಲಿನ ಹಳ್ಳಿಗಳಲ್ಲಿ ದೂರು ಇದ್ದವರನ್ನು ಲಾಟರಿ ಎತ್ತಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪ್ಯಾರಾಲೀಗಲ್‌ಗಳ ನೆರವು ತಕ್ಷಣ ಸಿಕ್ಕಿತು, ಇನ್ನೊಂದು ಗುಂಪಿಗೆ ಕೆಲವು ತಿಂಗಳ ನಂತರ. ನೆರವು ಮೊದಲೇ ಸಿಕ್ಕವರು ಲಂಚ ಕೊಟ್ಟದ್ದು ಕಡಿಮೆ, ಫಲದ ಬಗ್ಗೆ ಅವರ ಸಮಾಧಾನ ಹೆಚ್ಚು. ತಂದೆಯಂದಿರು ಮಕ್ಕಳ ಪಾಲನೆಗೆ ಹಣ ಕೊಡುವುದು ಹೆಚ್ಚಿತು. ಮನೆಯಲ್ಲಿ ಊಟದ ಕೊರತೆಯೂ ತಗ್ಗಿತು. ಕಾನೂನು ನೆರವು ಒಲೆಯವರೆಗೂ ಮುಟ್ಟುತ್ತದೆ ಎಂದು ಅಳೆದು ತೋರಿಸಿದ ಅಧ್ಯಯನ ಇದು. ಹೆಚ್ಚು ಲಾಭ ಆದದ್ದು ಹೆಂಗಸರಿಗೆ.

ನೂರಾರು ಕೋಟಿ ಜನರ ಮಾತು

ಬಡವರಿಗೆ ಕಾನೂನು ಎಷ್ಟು ದೂರ ಎಂದು ಜಗತ್ತು ಲೆಕ್ಕ ಹಾಕತೊಡಗಿದ್ದು ಇತ್ತೀಚೆಗೆ. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಮ್ಯಾಡಲಿನ್ ಆಲ್‌ಬ್ರೈಟ್ ಮತ್ತು ಪೆರು ದೇಶದ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೋಟೊ ನೇತೃತ್ವದ ಆಯೋಗ 2008ರಲ್ಲಿ, ಸುಮಾರು 400 ಕೋಟಿ ಜನ ಕಾನೂನಿನ ಆಸರೆಯಿಂದ ಹೊರಗಿದ್ದಾರೆ ಎಂದಿತು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಎಲ್ಲರಿಗೂ ನ್ಯಾಯ ಎಂಬುದು 2015ರಲ್ಲಿ ಸೇರಿತು. 2019ರಲ್ಲಿ ಇನ್ನೊಂದು ಜಾಗತಿಕ ಕಾರ್ಯಪಡೆ ಹೊಸ ಅಂದಾಜು ಕೊಟ್ಟಿತು. 150 ಕೋಟಿ ಜನರಿಗೆ ತಾವು ಬಗೆಹರಿಸಿಕೊಳ್ಳಲಾಗದ ನ್ಯಾಯದ ಸಮಸ್ಯೆಯಿದೆ, 450 ಕೋಟಿ ಜನ ಕಾನೂನು ಕೊಡಬಹುದಾದ ಅವಕಾಶಗಳಿಂದಲೇ ಹೊರಗಿದ್ದಾರೆ.

ಈ ಸಂಖ್ಯೆಗಳ ಹಿಂದಿರುವುದು ಕೊಲೆ, ದರೋಡೆಯ ಕಥೆಗಳಷ್ಟೇ ಆಗಿದ್ದರೆ ಕೋರ್ಟು ಸಾಕಿತ್ತು. ಹೆಚ್ಚಿನವು ಜಮೀನಿನ ಕಾಗದ, ಕೂಲಿ, ಜನನ ಪ್ರಮಾಣಪತ್ರ, ಗುರುತಿನ ಚೀಟಿ, ಪಿಂಚಣಿಗಳಂಥ ದಿನನಿತ್ಯದ ಸಂಗತಿಗಳು. ಬಾಂಗ್ಲಾದೇಶದ ಶಿಬಿರಗಳಲ್ಲಿ ಬದುಕುವ ಉರ್ದು ಭಾಷಿಕರನ್ನು ನೋಡಿ. ಅವರು ಆ ದೇಶದ ಪ್ರಜೆಗಳೇ ಎಂದು ಅಲ್ಲಿನ ಹೈಕೋರ್ಟು 2008ರಲ್ಲಿ ಸ್ಪಷ್ಟವಾಗಿ ಹೇಳಿತು. ಆದರೂ ಶಿಬಿರದ ವಿಳಾಸ ನೋಡಿದೊಡನೆ ಕಚೇರಿಯವರು ಅರ್ಜಿ ಹಿಂದಿರುಗಿಸುತ್ತಿದ್ದರು. ಅದೇ ಸಮುದಾಯದ ಯುವಕ ಯುವತಿಯರು ಪ್ಯಾರಾಲೀಗಲ್‌ಗಳಾಗಿ, ನೆರೆಹೊರೆಯವರ ಜೊತೆ ಕೌಂಟರಿನವರೆಗೆ ಹೋಗಿ, ಒಂದೊಂದೇ ಜನನ ಪ್ರಮಾಣಪತ್ರ, ಒಂದೊಂದೇ ಪಾಸ್‌ಪೋರ್ಟ್ ಮಾಡಿಸಿಕೊಟ್ಟರು. ಕೆನ್ಯಾದ ಕಿಬೇರಾದಲ್ಲಿ ತಲೆಮಾರುಗಳಿಂದ ನೆಲೆಸಿರುವ ನ್ಯೂಬಿಯನ್ನರಿಗೆ ಗುರುತಿನ ಚೀಟಿ ಪಡೆಯಲು ವಿಶೇಷ ತಪಾಸಣೆ ಎದುರಿಸಬೇಕಿತ್ತು, ಅಲ್ಲೂ ಹೀಗೆಯೇ ನಡೆಯಿತು. ತೀರ್ಪು ಬಂದ ಮೇಲೆ ಶುರುವಾಗುವ ಕೆಲಸ ಇದು. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ತೀರ್ಪು ಮಾತ್ರ.

ಬಿಹಾರದ ಜೈಲುಗಳು, ದೆಹಲಿಯ ಅರ್ಜಿ

ಭಾರತದಲ್ಲಿ ಈ ದಾರಿಯ ಬೇರು ಹಳೆಯದು. 1917ರಲ್ಲಿ ಚಂಪಾರಣಕ್ಕೆ ಹೋದ ಗಾಂಧೀಜಿ, ಇಷ್ಟು ಜರ್ಜರಿತರಾದ ರೈತರಿಗೆ ಕೋರ್ಟು ಕೇಸುಗಳಿಂದ ಉಪಯೋಗವಿಲ್ಲ ಎಂದು ಕಂಡರು. ಬಿಹಾರದ ಹೆಸರಾಂತ ವಕೀಲರಾದ ಬ್ರಜಕಿಶೋರ ಪ್ರಸಾದ್, ರಾಜೇಂದ್ರ ಪ್ರಸಾದ್ ಮೊದಲಾದವರಿಗೆ ಗುಮಾಸ್ತರ ಕೆಲಸ ಹಚ್ಚಿದರು. ಅವರು ಸಾವಿರಾರು ನೀಲಿ ಬೆಳೆಗಾರರ ಹೇಳಿಕೆಗಳನ್ನು ಬರೆದುಕೊಂಡರು, ಪ್ರತಿಯೊಬ್ಬರನ್ನೂ ಪಾಟಿ ಸವಾಲು ಮಾಡಿ ಪರೀಕ್ಷಿಸಿದರು. ಆ ರಾಶಿ ಹೇಳಿಕೆಗಳ ಬಲದ ಮೇಲೆ ವಿಚಾರಣಾ ಸಮಿತಿ ರಚನೆಯಾಯಿತು, ರೈತರ ಮೇಲೆ ನೀಲಿ ಬೆಳೆಯನ್ನು ಹೇರುತ್ತಿದ್ದ ತಿನ್‌ಕಠಿಯಾ ಪದ್ಧತಿ 1918ರಲ್ಲಿ ಕಾನೂನಿನ ಮೂಲಕ ರದ್ದಾಯಿತು.

ಅದೇ ಬಿಹಾರದ ಜೈಲುಗಳು ಅರವತ್ತು ವರ್ಷಗಳ ನಂತರ ಇನ್ನೊಬ್ಬ ವಕೀಲೆಯನ್ನು ಕಾಡಿದವು. ನೈರೋಬಿಯಲ್ಲಿ ಹುಟ್ಟಿ, ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಕಾನೂನು ಓದಿ, ಸುಪ್ರೀಂ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಿದ್ದ ಪುಷ್ಪಾ ಕಪಿಲಾ ಹಿಂಗೋರಾನಿ 1979ರ ಜನವರಿಯಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಕೆ.ಎಫ್. ರುಸ್ತುಂಜಿ ಬರೆದ ಲೇಖನಗಳನ್ನು ಓದಿದರು. ಶಿಕ್ಷೆಯಾದರೆ ಅನುಭವಿಸಬೇಕಾದ ಅವಧಿಗಿಂತ ಹೆಚ್ಚು ಕಾಲ, ವಿಚಾರಣೆಯೇ ಇಲ್ಲದೆ ಪಟ್ನಾ, ಮುಜಫ್ಫರಪುರದ ಜೈಲುಗಳಲ್ಲಿ ಕೊಳೆಯುತ್ತಿದ್ದವರ ಕಥೆ ಅವುಗಳಲ್ಲಿತ್ತು. ಯಾವ ಕೈದಿಯೂ ಅವರಿಗೆ ವಕಾಲತ್ತು ಕೊಟ್ಟಿರಲಿಲ್ಲ. ಆಗಿನ ನಿಯಮದಂತೆ ವಕಾಲತ್ತು ಇಲ್ಲದೆ ಅರ್ಜಿ ಹಾಕುವಂತಿರಲಿಲ್ಲ. ಆದರೂ ಹಾಕಿದರು, ನ್ಯಾಯಾಲಯ ಸ್ವೀಕರಿಸಿತು. ಹುಸೇನಾರಾ ಖಾತೂನ್ ಪ್ರಕರಣವೆಂದು ಹೆಸರಾದ ಆ ಅರ್ಜಿಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ, ತ್ವರಿತ ವಿಚಾರಣೆ ಮತ್ತು ಉಚಿತ ಕಾನೂನು ನೆರವು ಎರಡೂ ಬದುಕುವ ಹಕ್ಕಿನ ಭಾಗ ಎಂದು ಸಾರಿತು. ಅದರ ಫಲವಾಗಿ ದೇಶದಾದ್ಯಂತ ಬಿಡುಗಡೆಯಾದ ವಿಚಾರಣಾಧೀನ ಕೈದಿಗಳು ಸುಮಾರು 40 ಸಾವಿರ ಎಂಬ ಅಂದಾಜಿದೆ. ಭಾರತದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ತಾಯಿ ಎಂದು ಹಿಂಗೋರಾನಿ ಅವರನ್ನು ಕರೆಯುವುದು ಇದಕ್ಕಾಗಿ.

ಇದಕ್ಕೂ ಒಂದು ವರ್ಷ ಮೊದಲು ಮೋತಿ ರಾಮ್ ಎಂಬ ಗಾರೆ ಕೆಲಸದವನ ಪ್ರಕರಣ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮುಂದೆ ಬಂದಿತ್ತು. ಜಾಮೀನು ಮಂಜೂರಾಗಿತ್ತು, ಆದರೆ ಹತ್ತು ಸಾವಿರ ರೂಪಾಯಿಯ ಭದ್ರತೆ ಕೇಳಿದ್ದರು. ಜಾಮೀನು ನಿಲ್ಲಲು ಬಂದ ತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನನ್ನೂ ಒಪ್ಪಲಿಲ್ಲ. ಕನ್ನಡಿಗನೊಬ್ಬನೋ ಮಲಯಾಳಿಯೋ ಬಸ್ತರ್‌ನಲ್ಲೋ ಚಾಂದನಿ ಚೌಕದಲ್ಲೋ ಬಂಧನಕ್ಕೊಳಗಾದರೆ ಅಲ್ಲಿ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೃಷ್ಣ ಅಯ್ಯರ್ ತೀರ್ಪಿನಲ್ಲೇ ಕೇಳಿದರು. ಮೊತ್ತವನ್ನು ಸಾವಿರಕ್ಕೆ ಇಳಿಸಿದರು. ಕೂಲಿ ಹುಡುಕಿಕೊಂಡು ಬೇರೆ ರಾಜ್ಯಕ್ಕೆ ಹೋದ ನಮ್ಮ ಜನರನ್ನೂ, ಹೊರಗಿನಿಂದ ಬೆಂಗಳೂರಿಗೆ ಬಂದು ಕಟ್ಟಡ ಕಟ್ಟುವವರನ್ನೂ ಈ ಪ್ರಶ್ನೆ ಇಂದಿಗೂ ಬಿಟ್ಟಿಲ್ಲ.

ತೀರ್ಪುಗಳು ದೊಡ್ಡವು. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ 2022ರ ಲೆಕ್ಕ ನೋಡಿ. ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಮರಣದಂಡನೆ ಮತ್ತು ಜೀವಾವಧಿಯ ಆರೋಪಗಳನ್ನು ಬಿಟ್ಟು, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದಿದ್ದರೆ ಬಿಡುಗಡೆ ಮಾಡಬೇಕು ಎನ್ನುತ್ತದೆ. ಅರ್ಜಿ ಹಾಕುವ ಹೊಣೆಯನ್ನು ಜೈಲಿನ ಸೂಪರಿಂಟೆಂಡೆಂಟ್ ಮೇಲೇ ಹೊರಿಸಿದೆ. ಆದರೂ ಯಾರಾದರೊಬ್ಬರು ಒಬ್ಬೊಬ್ಬ ಕೈದಿಯ ದಿನಗಳನ್ನು ಎಣಿಸಬೇಕು, ಇನ್ನೊಂದು ಪ್ರಕರಣ ಬಾಕಿ ಇದೆಯೇ ಎಂದು ನೋಡಬೇಕು, ಜಾಮೀನುದಾರ ಸಿಗದವನ ಮನೆ ಹುಡುಕಬೇಕು. ಮಲಾವಿಯ ಪ್ಯಾರಾಲೀಗಲ್‌ಗಳು ಮಾಡುತ್ತಿದ್ದದ್ದು ಇದೇ ಕೆಲಸ.

ಗೆದ್ದವನು ಸೋತ, ಸೋತವನು ಸತ್ತ

ಕೋರ್ಟು ಕಚೇರಿಯ ಬಗ್ಗೆ ಕನ್ನಡಿಗರು ಬಹಳ ಕಾಲದಿಂದ ಹೇಳಿಕೊಂಡು ಬಂದಿರುವ ಈ ಮಾತಿಗೆ ಬೆಂಗಳೂರಿನ ‘ದಕ್ಷ್’ ಸಂಸ್ಥೆ ಅಂಕಿ ಕೂಡಿಸಿತು. 2016ರಲ್ಲಿ ಅದು ಪ್ರಕಟಿಸಿದ ಸಮೀಕ್ಷೆ 24 ರಾಜ್ಯಗಳ 305 ಸ್ಥಳಗಳಲ್ಲಿ 9,329 ಕಕ್ಷಿದಾರರನ್ನು ಮಾತಾಡಿಸಿತ್ತು. ಸಿವಿಲ್ ಪ್ರಕರಣದ ಕಕ್ಷಿದಾರರು ವಿಚಾರಣೆಗೆ ಬರುವ ಒಂದು ದಿನಕ್ಕೆ ಸರಾಸರಿ 497 ರೂಪಾಯಿ ಖರ್ಚು ಮಾಡುತ್ತಿದ್ದರು, ಅದರ ಮೇಲೆ ಕೆಲಸ ತಪ್ಪಿ 844 ರೂಪಾಯಿ ಕಳೆದುಕೊಳ್ಳುತ್ತಿದ್ದರು. ಬಸ್ ಚಾರ್ಜು, ಝೆರಾಕ್ಸ್, ಟೀ, ಊಟ, ಒಂದು ದಿನದ ಕೂಲಿ. ಅಷ್ಟೆಲ್ಲ ಕೈಬಿಟ್ಟು ಬಂದವರಿಗೆ ಸಿಗುವುದು ಮುಂದಿನ ವಾಯಿದೆ.

ಲೋಕ ಅದಾಲತ್‌ಗಳು ಈ ಬೇನೆಗೆ ಮದ್ದಾಗಿ ಬಂದವು. ವರ್ಷಗಟ್ಟಲೆ ಎಳೆದ ಎಷ್ಟೋ ಪ್ರಕರಣಗಳು ಅಲ್ಲಿ ಮುಗಿದಿವೆ, ಅದು ಸಂತೋಷದ ಸಂಗತಿಯೇ. ಆದರೆ ಭಾರತದ ನ್ಯಾಯವ್ಯವಸ್ಥೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮಾರ್ಕ್ ಗ್ಯಾಲಂಟರ್, ಜಯಂತ್ ಕೃಷ್ಣನ್ ಅವರೊಡನೆ 2004ರಲ್ಲಿ ಬರೆದ ಪ್ರಬಂಧದಲ್ಲಿ ಒಂದು ಎಚ್ಚರಿಕೆ ಕೊಟ್ಟರು. ಅಪಘಾತದಲ್ಲಿ ಕಾಲು ಕಳೆದುಕೊಂಡವರು ಕಡಿಮೆ ಪರಿಹಾರಕ್ಕೆ ರಾಜಿಯಾಗುವುದು ಆ ಮೊತ್ತ ನ್ಯಾಯವಾದದ್ದು ಎಂಬ ಕಾರಣಕ್ಕಲ್ಲ. ಇನ್ನೂ ಕಾಯುವ ಶಕ್ತಿ ಅವರಿಗಿಲ್ಲ. ವಿಮಾ ಕಂಪನಿಗೆ ಕಾಯಲು ಬರುತ್ತದೆ. ಪ್ಯಾರಾಲೀಗಲ್‌ಗಳ ಕೆಲಸದಲ್ಲೂ ಈ ಅಪಾಯ ಇದೆ. ಹೊಡೆಸಿಕೊಂಡ ಹೆಂಡತಿಯನ್ನು ಅದೇ ಮನೆಗೆ ಹೊಂದಿಸಿ ಕಳಿಸುವ ರಾಜಿ ಪಂಚಾಯ್ತಿಯನ್ನು ನ್ಯಾಯ ಎನ್ನಲಾಗದು. ರಾಜಿ ಮಾಡಬಾರದ ಜಾಗ ಯಾವುದು ಎಂದು ಕಲಿಸುವುದು ತರಬೇತಿಯ ಮೊದಲ ಪಾಠವಾಗಬೇಕು, ಅಂಥಲ್ಲಿ ವಕೀಲರ ಬಳಿಗೆ ಕರೆದೊಯ್ಯುವುದು ನಿಯಮವಾಗಬೇಕು.

ಕಾರವಾರದಿಂದ ಭಟ್ಕಳದವರೆಗೆ

ಮಾರು ಅವರ ನಮತಿ ಸಂಸ್ಥೆ ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ ಜೊತೆಗೂಡಿ ನಡೆಸಿದ ಪರಿಸರ ನ್ಯಾಯ ಕಾರ್ಯಕ್ರಮ ಗುಜರಾತಿನ ಕರಾವಳಿ, ಛತ್ತೀಸಗಢಗಳ ಜೊತೆಗೆ ನಮ್ಮ ಉತ್ತರ ಕನ್ನಡದಲ್ಲೂ ಕೆಲಸ ಮಾಡಿತು. ಪರಿಸರ ಸಂಶೋಧಕಿಯರಾದ ಕಾಂಚಿ ಕೊಹ್ಲಿ ಮತ್ತು ಮಂಜು ಮೆನನ್ ಅದನ್ನು ಮುನ್ನಡೆಸಿದರು.

ಈ ವಿಧಾನದ ಒಂದೊಂದು ಹೆಜ್ಜೆಯನ್ನೂ ನೋಡುವುದು ಒಳ್ಳೆಯದು. ಊರಿನ ಮೇಲೆ ದೂಳು ಬೀಳುತ್ತಿದೆ ಎಂದು ಜನ ದೂರುತ್ತಾರೆ. ಬರೀ ದೂಳಿನ ದೂರಿಗೆ ಯಾವ ಕಚೇರಿಯೂ ಅಲುಗುವುದಿಲ್ಲ. ಪ್ಯಾರಾಲೀಗಲ್ ಮೊದಲು ದೂಳೆಬ್ಬಿಸುವ ಘಟಕಕ್ಕೆ ಕೊಟ್ಟ ಪರವಾನಗಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತರಿಸುತ್ತಾರೆ. ಲಾರಿಗಳ ಮೇಲೆ ಟಾರ್ಪಾಲು ಹೊದಿಸಬೇಕು, ನೀರು ಚಿಮುಕಿಸಬೇಕು ಎಂಬಂಥ ಷರತ್ತುಗಳು ಅದರಲ್ಲಿರುತ್ತವೆ. ಊರವರ ಜೊತೆ ಕೂತು ಅವನ್ನು ಕನ್ನಡದಲ್ಲಿ ಓದಿ ಹೇಳುತ್ತಾರೆ. ಯಾವ ಷರತ್ತು ಮುರಿದಿದೆ ಎಂದು ಊರವರೇ ಗುರುತಿಸುತ್ತಾರೆ. ದಿನಾಂಕ, ಸ್ಥಳ ಸಮೇತ ಫೋಟೊ ತೆಗೆಯುತ್ತಾರೆ. ಷರತ್ತಿನ ಸಂಖ್ಯೆ ಹಾಕಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಬರೆದು, ಸ್ವೀಕೃತಿ ಪಡೆದು, ಅಧಿಕಾರಿ ಸ್ಥಳ ತನಿಖೆಗೆ ಬಂದ ದಿನ ಊರವರೂ ಅಲ್ಲಿರುವಂತೆ ನೋಡಿಕೊಳ್ಳುತ್ತಾರೆ. ನಾಲ್ಕು ಜನರ ಗೋಳು ಈಗ ಷರತ್ತು ಉಲ್ಲಂಘನೆಯ ದಾಖಲೆಯಾಗುತ್ತದೆ. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿಯಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಸಮುದಾಯದ ಕನಿಷ್ಠ ಮೂವರು ಇರಬೇಕು ಎಂದಿತ್ತು. ಆ ಕುರ್ಚಿ ತಮಗಿದೆ ಎಂದು ಎಷ್ಟು ಮೀನುಗಾರರಿಗೆ ಯಾರು ಹೇಳಿದ್ದರು?

ಅದೇ ಜಿಲ್ಲೆಯ ಕಾಡಂಚಿನಲ್ಲಿ ಅರಣ್ಯ ಹಕ್ಕು ಕಾಯ್ದೆಯ ಕಥೆ ಇದೆ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದರೆಂದು ತೋರಿಸಬೇಕು. ಕಾಗದ ಇಲ್ಲ ಎಂಬ ಕಾರಣಕ್ಕೆ ಉತ್ತರ ಕನ್ನಡದಲ್ಲಿ ತಿರಸ್ಕೃತವಾದ ಅರ್ಜಿಗಳು ರಾಶಿ ರಾಶಿ. ಕಾಯ್ದೆಯ ನಿಯಮಗಳಲ್ಲಿ ಬೇರೆಯದೇ ಮಾತಿದೆ. ಊರ ಹಿರಿಯರ ಹೇಳಿಕೆಯನ್ನು ಬರೆಸಿಕೊಂಡರೆ ಅದೂ ಸಾಕ್ಷ್ಯ. ಇಂಥದೇ ದಾಖಲೆ ಬೇಕೆಂದು ಉಪವಿಭಾಗ ಸಮಿತಿಯಾಗಲಿ ಜಿಲ್ಲಾ ಸಮಿತಿಯಾಗಲಿ ಪಟ್ಟು ಹಿಡಿಯುವಂತಿಲ್ಲ. ತಿರಸ್ಕರಿಸಿದರೆ ಕಾರಣ ತಿಳಿಸಬೇಕು, ಮೇಲ್ಮನವಿಗೆ 60 ದಿನ ಕಾಲಾವಕಾಶ ಉಂಟು. ಅಡಿಕೆ ತೋಟದಲ್ಲಿ ಕೂಲಿ ಮಾಡುವವರ ಕೈಗೆ ಒಂದು ಸಾಲಿನ ಹಿಂಬರಹ ಬಂದಾಗ, ಈ 60 ದಿನಗಳ ಎಣಿಕೆ ಇಂದೇ ಶುರುವಾಯಿತು ಎಂದು ಹೇಳುವವರು ಪಕ್ಕದಲ್ಲಿದ್ದರೆ ಮನೆ ಉಳಿಯುತ್ತದೆ. ಇಲ್ಲದಿದ್ದರೆ ಗಡುವು ಮೀರಿ ಹಕ್ಕೇ ಕೈತಪ್ಪಬಹುದು.

ಹಣ ಇಡಬೇಕಾದವರು

ಭಾರತದಲ್ಲಿ ಹೊಸ ಕಾನೂನು ಮಾಡುವ ಕೆಲಸ ಹೆಚ್ಚು ಉಳಿದಿಲ್ಲ. ಸಂವಿಧಾನದ 39-ಎ ವಿಧಿ 1976ರ ತಿದ್ದುಪಡಿಯಿಂದಲೇ ಇದೆ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂದಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಇದನ್ನು ಓದುತ್ತಿರುವವರು ತಮ್ಮ ಮನೆ ಕೆಲಸಕ್ಕೆ ಬರುವವರಿಗೆ, ತೋಟದ ಆಳುಗಳಿಗೆ ಇಷ್ಟನ್ನಾದರೂ ಹೇಳಬಹುದು. ಅರೆ ಕಾನೂನು ಸ್ವಯಂಸೇವಕರ ಯೋಜನೆಯೂ 2009ರಿಂದ ಇದೆ.

ಕೊರತೆ ಇರುವುದು ಆ ಸ್ವಯಂಸೇವಕರನ್ನು ನಾವು ನಡೆಸಿಕೊಳ್ಳುವ ರೀತಿಯಲ್ಲಿ. ಕೆಲಸ ಕೊಟ್ಟ ದಿನಕ್ಕೆ ಗೌರವಧನ, ಉಳಿದ ದಿನ ಏನೂ ಇಲ್ಲ. ಶಿಬಿರ ನಡೆಸಿ, ಬ್ಯಾನರ್ ಕಟ್ಟಿ, ಕರಪತ್ರ ಹಂಚಿದರೆ ಕಾನೂನು ಅರಿವು ಮೂಡಿತೆಂದು ವರದಿ ಹೋಗುತ್ತದೆ. ಅರಿವು ಬೇಕು, ಆದರೆ ಪೋಡಿ ಆಗದ ಜಮೀನಿಗೆ, ನಿಂತುಹೋದ ವಿಧವಾ ವೇತನಕ್ಕೆ ಕರಪತ್ರ ಸಾಲದು. ಅರ್ಜಿ ಬರೆದು, ಸ್ವೀಕೃತಿ ಪಡೆದು, ಉತ್ತರ ಬರುವವರೆಗೆ ಬೆನ್ನು ಹತ್ತುವವರು ಬೇಕು. ಆಫ್ರಿಕಾದ ಅನುಭವ ಇಲ್ಲಿ ಇನ್ನೊಂದು ಎಚ್ಚರಿಕೆ ಕೊಡುತ್ತದೆ. ಅಲ್ಲಿನ ಬಹಳಷ್ಟು ಕೆಲಸ ವಿದೇಶಿ ದೇಣಿಗೆಯ ಮೇಲೆ ನಿಂತಿತ್ತು. ದಾನಿಗಳ ಮನಸ್ಸು ಬೇರೆ ಕಡೆ ತಿರುಗಿದಾಗ ಕಚೇರಿ ಮುಚ್ಚುತ್ತದೆ, ಅನುಭವಿ ಪ್ಯಾರಾಲೀಗಲ್ ಬೇರೆ ಕೆಲಸ ಹುಡುಕುತ್ತಾಳೆ. ಕಾಯ್ದೆಯಲ್ಲಿ ಸ್ಥಾನ ಸಿಕ್ಕ ಮೇಲೂ ಬಜೆಟ್ಟಿನಲ್ಲಿ ಹಣ ಸಿಗದಿದ್ದರೆ ಆ ಸ್ಥಾನ ಖಾಲಿಯೇ ಉಳಿಯುತ್ತದೆ.

ಕರ್ನಾಟಕದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಮೇಜು, ಅಲ್ಲಿ ಅದೇ ಊರಿನ, ತರಬೇತಿ ಪಡೆದ, ತಿಂಗಳ ಸಂಬಳ ಇರುವ ಒಬ್ಬಳು ಪ್ಯಾರಾಲೀಗಲ್, ಅವಳ ಬೆನ್ನಿಗೆ ತಾಲ್ಲೂಕಿನಲ್ಲಿ ಫೋನ್ ಎತ್ತುವ ಒಬ್ಬ ವಕೀಲ. ಇದು ರಾಜ್ಯದ ಕೈಗೆ ಎಟುಕದ ಖರ್ಚಲ್ಲ. ಆಕೆ ಸರ್ಕಾರದ ಸಂಬಳ ಪಡೆದೂ ಸರ್ಕಾರಿ ಕಚೇರಿಯನ್ನೇ ಪ್ರಶ್ನಿಸಬೇಕಾಗುತ್ತದೆ. ಆದ್ದರಿಂದ ಅವಳ ನೇಮಕ, ವರ್ಗ, ವಜಾ ಯಾವುದೂ ಪಂಚಾಯಿತಿ ರಾಜಕೀಯದ ಕೈಗೆ ಸಿಗದಂತೆ ಕಾನೂನು ಸೇವಾ ಪ್ರಾಧಿಕಾರದ ಅಡಿಯಲ್ಲಿರಬೇಕು. ಎಷ್ಟು ಶಿಬಿರ ನಡೆದವು ಎಂಬುದರ ಬದಲು ಎಷ್ಟು ಅರ್ಜಿಗಳಿಗೆ ಫಲ ಸಿಕ್ಕಿತು ಎಂಬುದನ್ನು ಪ್ರತಿ ವರ್ಷ ಪ್ರಕಟಿಸಬೇಕು.

ಯುದ್ಧದಲ್ಲಿ ಬೆಂದ, ನೂರು ವಕೀಲರಷ್ಟೇ ಇದ್ದ ಒಂದು ದೇಶ ಹಳ್ಳಿಯ ಪ್ಯಾರಾಲೀಗಲ್‌ಗೆ ಕಾಯ್ದೆಯಲ್ಲಿ ಸ್ಥಾನ ಕೊಟ್ಟಿತು. ನಮ್ಮಲ್ಲಿ ವಕೀಲರಿದ್ದಾರೆ, ಕಾಯ್ದೆಗಳಿವೆ, ತೀರ್ಪುಗಳಿವೆ, ತಾಲ್ಲೂಕು ತಾಲ್ಲೂಕಿನಲ್ಲಿ ಕೋರ್ಟುಗಳಿವೆ. ಹಕ್ಕು ಕೊಡುತ್ತೇನೆಂದು ಬರೆದ ಸರ್ಕಾರ ಆ ಹಕ್ಕನ್ನು ಪಡೆಯುವ ದಾರಿಗೂ ಹಣ ಎತ್ತಿಡಬೇಕು. ಮುಂದಿನ ಬಜೆಟ್ ಅಧಿವೇಶನದಲ್ಲಿ ನಮ್ಮ ಶಾಸಕರನ್ನು ನಾವು ಕೇಳಬೇಕಾದ ಪ್ರಶ್ನೆ ಇದು.